ಗ್ಯಾಸ್ ಗುಳಿಗೆಗೂ ಒಂದು ಗಡುವಿರಲಿ

ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಮನೆಗಳಲ್ಲಿ ಉಪ್ಪು, ಎಣ್ಣೆ, ಚಹಾಪುಡಿಯ ಚೀಟಿಯಲ್ಲೇ ಈಗ ಗ್ಯಾಸ್ ಗುಳಿಗೆಯೂ ಸೇರಿಬಿಟ್ಟಿದೆ. ಯಾರಾದರೂ ಜಗಳೂರಿಗೆ ಹೊರಟರೆ ಸಾಕು, "ಬರ್ತಾ ಮೆಡಿಕಲ್ಲಾಗೆ ಒಂದು ಗ್ಯಾಸಿನ ಗುಳಿಗೆ ಸ್ಟ್ರಿಪ್ ತಗಂಬಾ" ಎಂದು ಹೇಳಿ ಕಳಿಸುತ್ತೀರಿ. ಯಾವ ಗುಳಿಗೆ, ಎಷ್ಟು ಎಂಜಿ, ಎಷ್ಟು ದಿನಕ್ಕೆ ಎಂಬ ಮಾತೇ ಇಲ್ಲ. ಬೆಳಿಗ್ಗೆ ಎದ್ದು ಒಂದು ನುಂಗಿ, ಮೇಲೆ ಚಹಾ ಕುಡಿದರೆ ದಿನ ಶುರುವಾಯಿತು. ಎಷ್ಟು ದಿನದಿಂದ ನುಂಗುತ್ತಿದ್ದೀರಿ ಎಂದು ಕೇಳಿದರೆ ಮೇಲೆ ನೋಡಿ ಲೆಕ್ಕ ಹಾಕುತ್ತೀರಿ. "ಮಗಳ ಮದುವೆಗೂ ಮುಂಚಿಂದ" ಎನ್ನುತ್ತೀರಿ. ಆ ಮಗಳ ಮಗು ಈಗ ಶಾಲೆಗೆ ಹೋಗುತ್ತಿರುತ್ತದೆ!

ನಾನು ಈ ಗುಳಿಗೆಯ ವೈರಿಯಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಯ ಹುಣ್ಣಿಗೆ ಆಪರೇಷನ್ ಮಾಡಿಸಿಕೊಳ್ಳಬೇಕಾಗಿದ್ದ ಕಾಲವೊಂದಿತ್ತು. ಒಮೆಪ್ರಜೋಲ್ 1980ರ ದಶಕದ ಕೊನೆಗೆ ಬಂದ ಮೇಲೆ ಎಷ್ಟೋ ಜನ ಕತ್ತರಿಯಿಂದ ಪಾರಾದರು. ಬೇಕಾದವರಿಗೆ ಬೇಕಾದಷ್ಟು ದಿನ ಕೊಟ್ಟರೆ ಇದು ಚಿನ್ನದಂಥ ಔಷಧ. ಆದರೆ ಅತಿಯಾದರೆ ಅಮೃತವೂ ವಿಷ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಲ್ಲಿ ಅತಿ ಎಂದರೆ ಗುಳಿಗೆಯ ಗಾತ್ರದ ಮಾತಲ್ಲ, ದಿನಗಳ ಮಾತು.

ನೀವು ನುಂಗುತ್ತಿರುವುದು ಯಾವುದು ಎಂದು ಮೊದಲು ತಿಳಿಯಿರಿ. ಬಾಟಲಿಯಲ್ಲಿ ಬರುವ ಗುಲಾಬಿ ಬಣ್ಣದ ಔಷಧ, ಚೀಪುವ ಮಾತ್ರೆ, ಇವು ಹೊಟ್ಟೆಯಲ್ಲಿ ಆಗಲೇ ಇರುವ ಹುಳಿಯನ್ನು ತಣಿಸುತ್ತವೆ. ಒಂದೆರಡು ಗಂಟೆಯಲ್ಲಿ ಅವುಗಳ ಕೆಲಸ ಮುಗಿಯಿತು. ಎರಡನೆಯದು ಫ್ಯಾಮೊಟಿಡಿನ್ ಜಾತಿಯದು. ಹುಳಿ ತಯಾರಾಗಲಿ ಎಂದು ಹೊಟ್ಟೆಗೆ ಹೋಗುವ ಸೂಚನೆಗಳಲ್ಲಿ ಒಂದನ್ನು ಅದು ತಡೆಯುತ್ತದೆ. ನಮ್ಮೂರುಗಳಲ್ಲಿ ಮನೆಮಾತಾಗಿದ್ದ ರ‍್ಯಾನಿಟಿಡಿನ್ ಕೂಡ ಇದೇ ಜಾತಿ. ಅದರಲ್ಲಿ ಕ್ಯಾನ್ಸರ್ ತರಬಲ್ಲ ಕಲ್ಮಶ ಸೇರುತ್ತದೆಂದು ಅಮೆರಿಕದ ಔಷಧ ಇಲಾಖೆ 2020ರಲ್ಲಿ ಮಾರುಕಟ್ಟೆಯಿಂದ ತೆಗೆಸಿತು. ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಿಂದಲೂ 2022ರಲ್ಲಿ ಅದು ಹೊರಬಿತ್ತು. ಮನೆಯಲ್ಲಿ ಹಳೆಯದು ಉಳಿದಿದ್ದರೆ ಆಚೆ ಹಾಕಿ.

ಮೂರನೆಯ ಜಾತಿಯೇ ಇವತ್ತಿನ ಮಾತಿನ ವಿಷಯ. ಸ್ಟ್ರಿಪ್ ತಿರುಗಿಸಿ ಔಷಧದ ಹೆಸರು ಓದಿ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರ‍್ಯಾಬೆಪ್ರಜೋಲ್, ಇಸೊಮೆಪ್ರಜೋಲ್, ಹೀಗೆ ಕೊನೆಗೆ 'ಪ್ರಜೋಲ್' ಎಂದಿದ್ದರೆ ಅದು ಹುಳಿ ಉತ್ಪಾದಿಸುವ ಪಂಪನ್ನೇ ಬಂದ್ ಮಾಡುವ ಗುಳಿಗೆ. ಇಂಗ್ಲಿಷ್ ಓದಲು ಬಾರದಿದ್ದರೆ ಹೈಸ್ಕೂಲಿಗೆ ಹೋಗುವ ಮೊಮ್ಮಗಳನ್ನು ಕರೆಯಿರಿ. ಮೊಬೈಲು ತಿಕ್ಕುವುದಕ್ಕಿಂತ ಅದು ಒಳ್ಳೆಯ ಕೆಲಸ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧ ಎಂಬ ಎಚ್ಚರಿಕೆಯೂ ಅದೇ ಸ್ಟ್ರಿಪ್ ಮೇಲೆ ಅಚ್ಚಾಗಿರುತ್ತದೆ. ಅದನ್ನು ಮಾರುವವರೂ ಓದುವುದಿಲ್ಲ, ಕೊಳ್ಳುವವರೂ ಓದುವುದಿಲ್ಲ.

ಹೊಟ್ಟೆಯ ಹುಳಿ ಎಂದರೆ ಬರೀ ಉರಿ ಕೊಡುವ ವಸ್ತು ಎಂದು ನೀವು ತಿಳಿದಿದ್ದೀರಿ. ಅದು ಊಟ ಕರಗಿಸುತ್ತದೆ ನಿಜ, ಆದರೆ ಅದಕ್ಕಿಂತ ದೊಡ್ಡ ಕೆಲಸ ಕಾವಲು. ಮೆಕ್ಕೆಜೋಳ ತೆನೆ ಕಟ್ಟಿದಾಗ ರಾತ್ರಿಯೆಲ್ಲ ಅಟ್ಟಣೆ ಮೇಲೆ ಕೂತು ಹಂದಿ ಕಾಯುತ್ತೀರಲ್ಲ, ಹುಳಿಯ ಕೆಲಸವೂ ಅದೇ. ತಿನ್ನುವ ಅನ್ನದ ಜೊತೆ, ಕುಡಿಯುವ ನೀರಿನ ಜೊತೆ, ನುಂಗುವ ಎಂಜಲಿನ ಜೊತೆ ದಿನವೂ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಹೊಟ್ಟೆಯ ಹುಳಿ ಗಟ್ಟಿಯಾಗಿದ್ದರೆ ಅವುಗಳಲ್ಲಿ ಬಹುಪಾಲು ಅಲ್ಲೇ ಸಾಯುತ್ತವೆ. ಹುಳಿಯನ್ನು ಅಳೆಯುವ ಪಿಎಚ್ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. ಗುಳಿಗೆ ನುಂಗಿ ಹೊಟ್ಟೆಯ ಪಿಎಚ್ 2ರಿಂದ 4ಕ್ಕೆ ಏರಿತೆಂದರೆ ಹುಳಿ ಅರ್ಧಕ್ಕೆ ಇಳಿಯಿತು ಎಂದಲ್ಲ, ನೂರರಲ್ಲಿ ಒಂದು ಪಾಲಿಗೆ ಇಳಿಯಿತು ಎಂದರ್ಥ. ಹೊಲದಲ್ಲಿ ಆ ಹೊತ್ತು ಕಾವಲಿಲ್ಲ.

ಕಾವಲು ತಪ್ಪಿದರೆ ಕೆಳಗಿನ ಕರುಳಿನಲ್ಲಿ ಏನಾಗುತ್ತದೆ? ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಎಂದು ಒಂದು ಒಪ್ಪಿತ ಅಂದಾಜು. ಬಹುತೇಕ ದೊಡ್ಡ ಕರುಳಿನಲ್ಲಿವೆ. ಹೆದರಬೇಡಿ, ಅವು ರೋಗಾಣುಗಳಲ್ಲ. ನಮಗೆ ಜೀರ್ಣವಾಗದ ನಾರನ್ನು ಅವು ಕೊಳೆಸಿ ತಿನ್ನುತ್ತವೆ, ಕರುಳಿನ ಗೋಡೆಗೆ ಬೇಕಾದ ಪೋಷಣೆ ಕೊಡುತ್ತವೆ, ಹೊರಗಿನಿಂದ ಬಂದ ಕೆಟ್ಟವಕ್ಕೆ ಬೇರೂರಲು ಜಾಗ ಬಿಡುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಬೇರೆ, ಕರುಳಿನವು ಬೇರೆ. ಇವೆರಡರ ನಡುವೆ ಹುಳಿ ಇರುವುದರಿಂದಲೇ ಅವರವರು ಅವರವರ ಜಾಗದಲ್ಲಿದ್ದಾರೆ.

2016ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಎರಡು ದೊಡ್ಡ ಅಧ್ಯಯನಗಳು ಅಚ್ಚಾದವು. ಒಂದು ನೆದರ್‌ಲ್ಯಾಂಡ್ಸಿನ ಗ್ರೊನಿಂಗನ್ ಊರಿನ ವಿಜ್ಞಾನಿಗಳದು, 1815 ಜನರ ಮಲದ ಪರೀಕ್ಷೆ. ಇನ್ನೊಂದು ಇಂಗ್ಲೆಂಡಿನ ಅವಳಿ-ಜವಳಿಗಳ ಮೇಲಿನದು, 1827 ಜನರದು. ಎರಡರಲ್ಲೂ ಕಂಡದ್ದು ಒಂದೇ ಮಾತು. ಪ್ರಜೋಲ್ ಗುಳಿಗೆ ನುಂಗುವವರ ಕರುಳಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆಯಾಗಿತ್ತು, ಬಾಯಲ್ಲಿ ಇರಬೇಕಾದ ಸ್ಟ್ರೆಪ್ಟೊಕಾಕಸ್‌ನಂಥವು ಕೆಳಗೆ ಇಳಿದು ಸಂಸಾರ ಹೂಡಿದ್ದವು. ಗ್ರೊನಿಂಗನ್ನಿನವರು ಇನ್ನೊಂದು ಮಾತು ಸೇರಿಸಿದರು. ಊರಿಗೆ ಊರನ್ನೇ ಲೆಕ್ಕಕ್ಕೆ ತೆಗೆದುಕೊಂಡರೆ ಕರುಳಿನ ಬ್ಯಾಕ್ಟೀರಿಯಾಗಳ ಮೇಲೆ ಆ್ಯಂಟಿಬಯಾಟಿಕ್‌ಗಿಂತ ಈ ಗುಳಿಗೆಯ ಪ್ರಭಾವವೇ ಎದ್ದು ಕಾಣುತ್ತದಂತೆ. ಆ್ಯಂಟಿಬಯಾಟಿಕ್ ಐದು ದಿನ ನುಂಗಿ ಬಿಡುತ್ತೀರಿ, ಇದನ್ನು ವರ್ಷಗಟ್ಟಲೆ ಬಿಡುವುದೇ ಇಲ್ಲವಲ್ಲ!

ಇದರಿಂದ ತಕ್ಷಣ ಎಲ್ಲರಿಗೂ ಕಾಯಿಲೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮೊಬೈಲಿನಲ್ಲಿ ಬರುವ ವಿಡಿಯೋ ನೋಡಿ "ಕಿಡ್ನಿ ಹೋಗುತ್ತಂತೆ, ಮರೆವು ಬರುತ್ತಂತೆ" ಎಂದು ಗಾಬರಿ ಬೀಳಬೇಡಿ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳಿಗೆ ಸುಮಾರು ಮೂರು ವರ್ಷ ಪ್ಯಾಂಟೊಪ್ರಜೋಲ್ ಅಥವಾ ಅದರಂತೆಯೇ ಕಾಣುವ ಖಾಲಿ ಗುಳಿಗೆ ಕೊಟ್ಟು ನೋಡಿದರು. ಜನ ಹೆದರುವ ದೊಡ್ಡ ದೊಡ್ಡ ಕಾಯಿಲೆಗಳಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕಂಡದ್ದು ಒಂದರಲ್ಲಿ ಮಾತ್ರ, ಕರುಳಿನ ಸೋಂಕು. ಖಾಲಿ ಗುಳಿಗೆಯವರಲ್ಲಿ ನೂರಕ್ಕೆ 1 ಇದ್ದದ್ದು ಪ್ಯಾಂಟೊಪ್ರಜೋಲ್ ನುಂಗಿದವರಲ್ಲಿ 1.4 ಆಗಿತ್ತು. ಸಣ್ಣ ಅಂಕಿಯೇ. ಆದರೆ ನೀರು, ಊಟ ಎರಡೂ ಇಷ್ಟು ಅಂದಾದುಂದಿಯಾಗಿರುವ ನಮ್ಮ ಕಡೆ ಆ ಸಣ್ಣ ಅಂಕಿಯನ್ನು ನಾನಂತೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ಎಚ್ಚರಿಕೆ. ಆಸ್ಪತ್ರೆಯಲ್ಲಿ ಮಲಗಿದ್ದವರಿಗೆ, ಆ್ಯಂಟಿಬಯಾಟಿಕ್ ತಗೊಂಡವರಿಗೆ, ವಯಸ್ಸಾದವರಿಗೆ ಕ್ಲಾಸ್ಟ್ರಿಡಿಯಮ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದಿಂದ ನಿಲ್ಲದ ಭೇದಿ ಬರುವುದುಂಟು. ಹುಳಿ ತಗ್ಗಿಸುವ ಗುಳಿಗೆಯಿಂದ ಆ ಅಪಾಯ ಹೆಚ್ಚಬಹುದು ಎಂದು ಅಮೆರಿಕದ ಔಷಧ ಇಲಾಖೆ 2012ರಲ್ಲಿಯೇ ಎಚ್ಚರಿಸಿತು. ದಾವಣಗೆರೆಯ ದೊಡ್ಡಾಸ್ಪತ್ರೆಯಿಂದ ಬಿಡುಗಡೆಯಾಗಿ ಬಂದ ಮೇಲೆ ನೀರು ನೀರಾಗಿ ಭೇದಿ ಶುರುವಾಗಿ ಮೂರು ದಿನವಾದರೂ ನಿಲ್ಲದಿದ್ದರೆ, ಜ್ವರವೂ ಇದ್ದರೆ, ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತಂದು ನುಂಗಿಸಬೇಡಿ. ಡಾಕ್ಟರ ಹತ್ತಿರ ಹೋಗಿ, ಏನೇನು ಔಷಧ ನಡೆದಿತ್ತು ಎಂದು ಬಿಡಿಸಿ ಹೇಳಿ. ಲಿವರ್ ಕೆಟ್ಟವರೂ ಗ್ಯಾಸ್ ಗುಳಿಗೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು, ಅವರಿಗೆ ಸೋಂಕು ಬೇಗ ತಗಲುತ್ತದೆ.

ನಮ್ಮ ತಾಲ್ಲೂಕಿನ ನೀರಿನ ವಿಚಾರ ಬಾರದೆ ಈ ಮಾತು ಮುಗಿಯುವುದಿಲ್ಲ. ಜಗಳೂರು ಸೀಮೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಕುಡಿಯಬಾರದು. ಅಂಥ ನೀರು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಮೂಳೆ, ಕೀಲು ಬಿಗಿಯುತ್ತವೆ, ಸೊಂಟ ಬಗ್ಗುವುದಿಲ್ಲ. ಹೊಲದ ದುಡಿಮೆಯ ನೋವು ಅದರ ಮೇಲೆ. ನೋವಿಗೆ ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್ ಗುಳಿಗೆ. ಆ ಗುಳಿಗೆ ಹೊಟ್ಟೆಯ ಒಳಪದರವನ್ನು ತಿನ್ನುತ್ತದೆ, ಉರಿ ಬರುತ್ತದೆ. ಉರಿಗೆ ಗ್ಯಾಸ್ ಗುಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಆ ಕಥೆ. ನೋವಿನ ಮೂಲ ಎಲ್ಲೋ, ಗುಳಿಗೆ ಹೊಟ್ಟೆಗೆ.

ಹಾಗಾಗಿ ಮೊದಲು ಕುಡಿಯುವ ನೀರನ್ನು ಸರಿ ಮಾಡಿಕೊಳ್ಳಿ. ಶುದ್ಧ ಕುಡಿಯುವ ನೀರಿನ ಘಟಕದಿಂದ ತರುವ ನೀರು ಮಕ್ಕಳಿಗೆ, ಅತಿಥಿಗೆ ಮಾತ್ರ, ಹೊಲಕ್ಕೆ ಒಯ್ಯುವುದು ಬೋರಿನದು ಎಂಬ ಲೆಕ್ಕ ಬೇಡ. ದುಡಿಯುವವರೇ ಹೆಚ್ಚು ನೀರು ಕುಡಿಯುವುದು. ಬೋರಿನ ನೀರು ಕಾಯಿಸಿದರೆ ಫ್ಲೋರೈಡ್ ಹೋಗುತ್ತದೆ ಎಂದು ಕೆಲವರು ನಂಬಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಕಾಯಿಸುವುದರಿಂದ ಸಾಯುವುದು ರೋಗಾಣು. ಘಟಕದ ನೀರನ್ನು ಕಾಯಿಸಿ ಕುಡಿದರೆ ಎರಡೂ ಕೆಲಸವಾಯಿತು, ಗ್ಯಾಸ್ ಗುಳಿಗೆ ನುಂಗುವವರಿಗೆ ಇದು ಕಡ್ಡಾಯ ಎಂದೇ ತಿಳಿಯಿರಿ. ನೀರು ತರುವ ಕ್ಯಾನನ್ನು ಒಳಗೆ ಕೈ ಹಾಕಿ ತಿಕ್ಕಲಾಗದು ಎಂದು ತಿಂಗಳುಗಟ್ಟಲೆ ತೊಳೆಯದೆ ಇಡುತ್ತೀರಿ, ಒಳಗೆ ಪಾಚಿ ಕಟ್ಟಿರುತ್ತದೆ. ಬಾಟಲಿ ಬ್ರಶ್ಶು ಚಿನ್ನದ ಬೆಲೆಯದೇನಲ್ಲ. ಜಾತ್ರೆಯಲ್ಲಿ ಬೆಳಿಗ್ಗೆ ಮಾಡಿದ ಪಲಾವನ್ನು ಸಂಜೆ ತಿನ್ನುವುದು, ಹೆಚ್ಚಿಟ್ಟು ನೊಣ ಕೂತ ಕಲ್ಲಂಗಡಿ, ಎಲ್ಲಿಯದೋ ನೀರಿನ ಐಸು, ಇವನ್ನು ಹುಳಿ ಗಟ್ಟಿ ಇರುವವರು ಹೇಗೋ ತಡೆದುಕೊಳ್ಳಬಹುದು. ಗುಳಿಗೆ ನುಂಗುವ ನೀವು ತಡೆದುಕೊಳ್ಳುವುದಿಲ್ಲ.

ಇನ್ನು ಊಟದಿಂದ ಮೈಗೆ ಹತ್ತಬೇಕಾದದ್ದು ಹತ್ತದೆ ಹೋಗುವ ವಿಚಾರ. ಹಾಲು, ಮೊಸರು, ಮೊಟ್ಟೆ, ಮಾಂಸದಲ್ಲಿ ಬಿ12 ಎಂಬ ಜೀವಸತ್ವ ಇರುತ್ತದೆ. ಆಹಾರದಿಂದ ಅದನ್ನು ಬಿಡಿಸಲು ಹುಳಿ ಬೇಕು. ಎರಡು ವರ್ಷ, ಅದಕ್ಕಿಂತ ಹೆಚ್ಚು ಕಾಲ ಪ್ರಜೋಲ್ ನುಂಗಿದವರಲ್ಲಿ ಬಿ12 ಕೊರತೆ ಹೆಚ್ಚು ಎಂದು 2013ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ತೋರಿಸಿತು. ಈಗ ನಮ್ಮ ಮನೆಗಳನ್ನು ನೋಡಿ. ಮಾಂಸ, ಮೊಟ್ಟೆ ಮುಟ್ಟದ ಮನೆ. ಹಾಲೆಲ್ಲ ಡೇರಿಗೆ, ಮನೆಯಲ್ಲಿ ಉಳಿಯುವುದು ಚಹಾಕ್ಕಾಗುವಷ್ಟು. ಮೇಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಅದೂ ಬಿ12 ತಗ್ಗಿಸುತ್ತದೆ. ಅದರ ಮೇಲೆ ದಿನಾ ಗ್ಯಾಸ್ ಗುಳಿಗೆ. ಪಾದ ಜುಮ್ಮೆನ್ನುತ್ತದೆ, ನಡೆದರೆ ಹತ್ತಿಯ ಮೇಲೆ ಕಾಲಿಟ್ಟ ಹಾಗೆ, ಸುಸ್ತು, ಮರೆವು ಎಂದು ಹೇಳುತ್ತೀರಿ. "ಶುಗರ್ ಜಾಸ್ತಿ ಆಗಿರಬೇಕು" ಎಂದು ನೀವೇ ತೀರ್ಮಾನ ಕೊಡಬೇಡಿ, ಬಿ12 ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ.

ಹೆಣ್ಣುಮಕ್ಕಳೇ, ನಿಮಗೆ ಒಂದು ಬೇರೆ ಮಾತು. ರಾಗಿ, ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರಲು ಹೊಟ್ಟೆಯ ಹುಳಿ ಬೇಕು. ಆಶಾ ಕಾರ್ಯಕರ್ತೆ ಮನೆಬಾಗಿಲಿಗೆ ತಂದು ಕೊಡುವ ಕಬ್ಬಿಣದ ಗುಳಿಗೆಗೂ ಬೇಕು. ಕಬ್ಬಿಣದ ಗುಳಿಗೆಯಿಂದ ಹೊಟ್ಟೆ ಉರಿಯುತ್ತದೆ ಎಂದು ಅದರ ಜೊತೆಗೇ ಗ್ಯಾಸ್ ಗುಳಿಗೆ ನುಂಗುವವರನ್ನು ಕಂಡಿದ್ದೇನೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದುಕೊಂಡಂತಾಯಿತಲ್ಲವೇ? ಉರಿಯಾದರೆ ಕಬ್ಬಿಣದ ಗುಳಿಗೆಯನ್ನು ಊಟವಾದ ಮೇಲೆ ನಿಂಬೆಹಣ್ಣಿನ ನೀರಿನೊಂದಿಗೆ ತೆಗೆದುಕೊಳ್ಳಿ, ಚಹಾದೊಂದಿಗೆ ಮಾತ್ರ ಬೇಡವೇ ಬೇಡ. ಥೈರಾಯ್ಡ್ ಗುಳಿಗೆ ತಗೊಳ್ಳುವವರು ಗ್ಯಾಸ್ ಗುಳಿಗೆ ಶುರು ಮಾಡಿದ್ದನ್ನೂ ಬಿಟ್ಟದ್ದನ್ನೂ ಡಾಕ್ಟರಿಗೆ ತಿಳಿಸಬೇಕು, ಥೈರಾಯ್ಡ್ ಲೆಕ್ಕ ಏರುಪೇರಾಗುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಒಂದು ವಿಷಯಕ್ಕೆ. ಜ್ವರಕ್ಕೆ ಎರಡು ಗುಳಿಗೆ ಬರೆಸಿಕೊಂಡು ಬರುತ್ತೀರಿ, ಜೊತೆಯಲ್ಲಿ ಒಂದು ಗ್ಯಾಸಿನದು ಇರಲೇಬೇಕು. ಡಾಕ್ಟರು ಬರೆಯದಿದ್ದರೆ "ಗ್ಯಾಸಿಂದು ಬರೀಲೇ ಇಲ್ವಲ್ಲ" ಎಂದು ನೀವೇ ಕೇಳುತ್ತೀರಿ! ಪ್ಯಾರಾಸಿಟಮಾಲ್ ಹೊಟ್ಟೆ ಸುಡುವ ಗುಳಿಗೆಯಲ್ಲ, ಅದಕ್ಕೆ ಜೊತೆಗಾರ ಬೇಡ. ಒಂದೆರಡು ದಿನದ ನೋವಿನ ಗುಳಿಗೆ ನುಂಗುವ ಗಟ್ಟಿಮುಟ್ಟಾದ ಯುವಕನಿಗೂ ಸಾಮಾನ್ಯವಾಗಿ ಬೇಡ, ಊಟವಾದ ಮೇಲೆ ನುಂಗಿದರೆ ಸಾಕು. ಇನ್ನು ಸ್ಟ್ರಿಪ್ ಮೇಲೆ ಹೆಸರಿನ ಪಕ್ಕ 'ಡಿ' ಎಂದೋ 'ಡಿಎಸ್ಆರ್' ಎಂದೋ ಇದ್ದರೆ ಅದರಲ್ಲಿ ಡಾಂಪೆರಿಡೋನ್ ಎಂಬ ಎರಡನೇ ಔಷಧವೂ ಸೇರಿರುತ್ತದೆ. ಅದು ವಾಂತಿ, ಓಕರಿಕೆಗೆ. ಹೃದಯದ ಬಡಿತ ತಪ್ಪಿಸಬಲ್ಲದೆಂದು ಯುರೋಪಿನಲ್ಲಿ 2014ರಿಂದ ಅದನ್ನು ಕೆಲವೇ ದಿನಕ್ಕೆ ಮಿತಿಗೊಳಿಸಿದ್ದಾರೆ. ನಮ್ಮಲ್ಲಿ ವಾಂತಿಯೇ ಇಲ್ಲದವರು ಅದನ್ನು ವರ್ಷವಿಡೀ ನುಂಗುತ್ತಾರೆ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ?

ಇಷ್ಟು ಓದಿ ಗುಳಿಗೆ ತೆಗೆದು ತಿಪ್ಪೆಗೆ ಎಸೆಯಲು ಹೊರಟಿರಾ? ನಿಲ್ಲಿ. ಆತುರಗಾರನಿಗೆ ಬುದ್ಧಿ ಮಟ್ಟ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಆಸ್ಪಿರಿನ್, ಕ್ಲೊಪಿಡೋಗ್ರೆಲ್ ನುಂಗುವವರು, ಹಿಂದೆ ಹುಣ್ಣಾಗಿ ರಕ್ತ ಸೋರಿದವರು, ವಯಸ್ಸಾಗಿ ದಿನಾ ನೋವಿನ ಗುಳಿಗೆ ಬೇಕಾದವರು, ಅನ್ನನಾಳದಲ್ಲಿ ಗಾಯವಿದೆ ಎಂದು ಎಂಡೋಸ್ಕೋಪಿಯಲ್ಲಿ ಹೇಳಿಸಿಕೊಂಡವರು, ಇವರಿಗೆ ಆ ಗುಳಿಗೆಯೇ ರಕ್ಷೆ. ಬಿಟ್ಟರೆ ಹೊಟ್ಟೆಯಲ್ಲಿ ರಕ್ತ ಸೋರೀತು. ಇಂಥವರು ನನ್ನ ಮಾತು ಕೇಳಬೇಡಿ, ನಿಮ್ಮ ಡಾಕ್ಟರ ಮಾತು ಕೇಳಿ.

ಉಳಿದ ಬಹುಪಾಲು ಜನರಿಗೆ, ಎಂದರೆ ಬರೀ ಎದೆ ಉರಿ, ಹುಳಿ ತೇಗು ಎಂದು ಶುರು ಮಾಡಿದವರಿಗೆ, ಈ ಗುಳಿಗೆಯ ಗಡುವು ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಅದೂ ಸರಿಯಾಗಿ ನುಂಗಿದರೆ. ಬೆಳಗಿನ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ನುಂಗಬೇಕು. ತಿಂಡಿ ಬಿದ್ದಾಗ ಹುಳಿಯ ಪಂಪು ಚಾಲೂ ಆಗುತ್ತದೆ, ಚಾಲೂ ಆದ ಪಂಪನ್ನೇ ಈ ಗುಳಿಗೆ ಹಿಡಿಯುವುದು. ಊಟವಾಗಿ ಉರಿ ಬಂದ ಮೇಲೆ ನುಂಗಿ "ಇದು ಕೆಲಸ ಮಾಡ್ಲಿಲ್ಲ" ಎಂದು ಇನ್ನೊಂದು ನುಂಗುವುದು ಶುದ್ಧ ದಂಡ. ಎಂದಾದರೊಮ್ಮೆ ಬರುವ ಉರಿಗೆ ಮೊದಲು ಹೇಳಿದ ಗುಲಾಬಿ ಔಷಧವೇ ಸಾಕು. ಬಿಪಿ ಇದ್ದವರು ಮಾತ್ರ ನೊರೆ ಬರುವ ಪುಡಿ, ಅಡುಗೆ ಸೋಡಾ ಕಲಸಿದ ನೀರು ಕುಡಿಯಬೇಡಿ, ಅದರಲ್ಲಿ ಸೋಡಿಯಂ ವಿಪರೀತ.

"ಬಿಟ್ರೆ ಮತ್ತೆ ಉರಿ ಬರುತ್ತೆ, ಅದಕ್ಕೇ ಬಿಡೋಕಾಗಲ್ಲ" ಎನ್ನುವವರೇ ಹೆಚ್ಚು. ಅದರ ಗುಟ್ಟು ಕೇಳಿ. ಡೆನ್ಮಾರ್ಕಿನಲ್ಲಿ 2009ರಲ್ಲಿ ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಅರ್ಧ ಜನಕ್ಕೆ ಎಂಟು ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಅವರಲ್ಲಿ ನೂರಕ್ಕೆ 44 ಮಂದಿಗೆ ಎದೆ ಉರಿ, ಹುಳಿ ತೇಗು ಕಾಣಿಸಿಕೊಂಡಿತು. ಖಾಲಿ ಗುಳಿಗೆ ನುಂಗಿದ್ದವರಲ್ಲಿ ಅದು ನೂರಕ್ಕೆ 15. ಕಾಯಿಲೆಯೇ ಇಲ್ಲದವರಿಗೆ ಗುಳಿಗೆಯೇ ಕಾಯಿಲೆ ಕೊಟ್ಟ ಹಾಗಾಯಿತು. ಬಹಳ ದಿನ ತಡೆಹಿಡಿದ ಹೊಟ್ಟೆ, ತಡೆ ತೆಗೆದ ಕೂಡಲೇ ಮೊದಲಿಗಿಂತ ಹೆಚ್ಚು ಹುಳಿ ಸುರಿಸುತ್ತದೆ. ಕೆಲವು ವಾರಗಳಲ್ಲಿ ತಾನೇ ಹದಕ್ಕೆ ಬರುತ್ತದೆ. ಆ ಕೆಲವು ವಾರ ತಾಳಿದವನು ಬಾಳಿಯಾನು.

ಅದಕ್ಕೇ ಒಮ್ಮೆಗೇ ಬಿಡಬೇಡಿ. ಡಾಕ್ಟರನ್ನು ಕೇಳಿಕೊಂಡು, ದಿನಕ್ಕೆ ಎರಡು ನುಂಗುವವರು ಒಂದಕ್ಕೆ ಇಳಿಯಿರಿ, 40 ಎಂಜಿಯವರು 20ಕ್ಕೆ ಇಳಿಯಿರಿ, ಒಂದೆರಡು ವಾರ ಬಿಟ್ಟು ದಿನ ಬಿಟ್ಟು ದಿನ ಮಾಡಿ, ಆಮೇಲೆ ನಿಲ್ಲಿಸಿ. ನಡುವೆ ಉರಿ ಬಂದರೆ ಗುಲಾಬಿ ಔಷಧ. ಹಬ್ಬ, ಮದುವೆ, ಜಾತ್ರೆಯ ವಾರ ಈ ಕೆಲಸ ಶುರು ಮಾಡಬೇಡಿ. ಹೋಳಿಗೆ ಊಟ ಮಾಡಿ ಗುಳಿಗೆ ಬಿಟ್ಟು, ಮೂರನೇ ದಿನಕ್ಕೆ "ನನ್ನ ಮೈಗೆ ಆಗಲ್ಲ" ಎಂದು ವಾಪಸ್ ಹೋಗುತ್ತೀರಿ, ಗೊತ್ತು ನನಗೆ.

ಉರಿ ಬರುವ ಕೆಲಸ ಮಾಡುತ್ತಲೇ ಉರಿಗೆ ಮದ್ದು ಹುಡುಕಿದರೆ ಯಾವ ಡಾಕ್ಟರೂ ಏನೂ ಮಾಡಲಾಗದು. ಖಾಲಿ ಹೊಟ್ಟೆಗೆ ಮೂರು ಲೋಟ ಚಹಾ, ಬಾಯಲ್ಲಿ ಗುಟ್ಕಾ, ಮಧ್ಯಾಹ್ನದ ಊಟ ನಾಲ್ಕಕ್ಕೆ, ಸಂಜೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ, ರಾತ್ರಿ ಹತ್ತಕ್ಕೆ ಹೊಟ್ಟೆ ಬಿರಿಯ ಉಂಡು ಹತ್ತೂವರೆಗೆ ಚಾಪೆ. ದಾವಣಗೆರೆ ಜಿಲ್ಲೆಯವರಿಗೆ ಮಿರ್ಚಿ ಬಿಡಿ ಎಂದು ಹೇಳುವಷ್ಟು ಧೈರ್ಯ ನನಗಿಲ್ಲ. ದಿನಾ ಬೇಡ, ಮಲಗುವ ಹೊತ್ತಿಗೆ ಬೇಡ, ಅಷ್ಟೇ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಎರಡು ಮೂರು ಗಂಟೆ ಅಂತರವಿರಲಿ, ಧಾರಾವಾಹಿ ಮುಗಿದ ಮೇಲೆ ಉಣ್ಣುವ ಬದಲು ಉಂಡು ನೋಡಿ. ರಾತ್ರಿ ಹುಳಿ ಗಂಟಲಿಗೆ ಬರುವವರು ದಿಂಬಿನ ಮೇಲೆ ದಿಂಬು ಪೇರಿಸಬೇಡಿ, ಕತ್ತು ಬಾಗಿ ಹೊಟ್ಟೆಯ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ. ಮಂಚದ ತಲೆಕಡೆಯ ಎರಡು ಕಾಲಿಗೆ ಆರು ಅಂಗುಲ ಎತ್ತರ ಬರುವಂತೆ ಇಟ್ಟಿಗೆಯನ್ನು ಭದ್ರವಾಗಿ ಕೊಡಿ, ಎಡಮಗ್ಗುಲಿಗೆ ಮಲಗಿ. ಲಂಗದ ಲಾಡಿ, ಪ್ಯಾಂಟಿನ ಬೆಲ್ಟು ಉಸಿರುಗಟ್ಟುವಷ್ಟು ಬಿಗಿಯಬೇಡಿ. ಹೊಟ್ಟೆ ಮುಂದೆ ಬಂದವರು ಒಂದೈದು ಕೆಜಿ ಇಳಿಸಿದರೂ ಉರಿ ಎಷ್ಟೋ ತಗ್ಗುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ ಎಂಬುದು ಅಡುಗೆಮನೆಯ ಗೋಡೆ ಮೇಲೆ ಬರೆಯಲು ಹೇಳಿದ ಮಾತಲ್ಲ.

ಕರುಳಿನ ಬ್ಯಾಕ್ಟೀರಿಯಾಗಳಿಗೆ ಬೇಕಾದ ಊಟ ನಿಮ್ಮ ಹೊಲದಲ್ಲೇ ಬೆಳೆಯುತ್ತದೆ. ಜೋಳದ ರೊಟ್ಟಿ, ರಾಗಿ ಮುದ್ದೆ, ಹುರುಳಿ ಸಾರು, ಅಲಸಂದೆ, ತೊಗರಿ, ಸೊಪ್ಪಿನ ಪಲ್ಯ, ಇವುಗಳಲ್ಲಿರುವ ನಾರೇ ಅವಕ್ಕೆ ಆಹಾರ. ಹಿತ್ತಲ ಗಿಡ ಮದ್ದಲ್ಲ ಎಂದು ಅದನ್ನು ಬಿಟ್ಟು, ಬರೀ ಬಿಳಿ ಅನ್ನ ಉಂಡು, ಪಟ್ಟಣದಲ್ಲಿ ಪ್ರೊಬಯಾಟಿಕ್ ಪುಡಿಗೆ ದುಡ್ಡು ಸುರಿಯಬೇಡಿ. ಮಜ್ಜಿಗೆ, ಅಂಬಲಿ ಒಳ್ಳೆಯವು, ಕುಡಿಯಿರಿ. ಅವೇ ಎಲ್ಲವನ್ನೂ ಸರಿಮಾಡಿಬಿಡುತ್ತವೆ ಎಂದು ಮಾತ್ರ ಯಾರಿಗೂ ಹೇಳಬೇಡಿ.

ವರ್ಷಗಟ್ಟಲೆ ಬಿಡದ ಹೊಟ್ಟೆನೋವು, ಉರಿ ಇದ್ದವರಿಗೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸುವುದುಂಟು. ಹುಳಿಯ ನಡುವೆಯೂ ಬದುಕುವ ಚಾಣಾಕ್ಷ ಇದು. ಹುಣ್ಣಿಗೆ ಇದೇ ಕಾರಣವೆಂದು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೇಳಿದಾಗ ಯಾರೂ ನಂಬಲಿಲ್ಲ. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು, 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನೀವು ಹಾಗೆಲ್ಲ ಮಾಡಬೇಕಿಲ್ಲ. ಮಲ ಅಥವಾ ಉಸಿರಿನ ಪರೀಕ್ಷೆಗೆ ಎರಡು ವಾರ ಮುಂಚೆ ಪ್ರಜೋಲ್ ಗುಳಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಇದ್ದ ರೋಗಾಣುವೂ ಇಲ್ಲ ಎಂದು ಬರಬಹುದು. ನಿಲ್ಲಿಸಬಹುದೇ ಎಂದು ಪರೀಕ್ಷೆ ಬರೆದ ಡಾಕ್ಟರನ್ನೇ ಕೇಳಿ. ರೋಗಾಣು ಇದೆ ಎಂದಾದರೆ ಎರಡು ವಾರದ ಆ್ಯಂಟಿಬಯಾಟಿಕ್ ಜೊತೆ ಇದೇ ಗ್ಯಾಸ್ ಗುಳಿಗೆಯನ್ನು ದಿನಕ್ಕೆರಡು ಬಾರಿ ಕೊಡುತ್ತಾರೆ. ಆಗ ನನ್ನ ಈ ಲೇಖನ ನೆನೆದು ಬಿಡಬೇಡಿ, ಪೂರ್ತಿ ನುಂಗಿ.

ಕೆಲವು ಲಕ್ಷಣಗಳಿಗೆ ಅಂಗಡಿಯ ಗುಳಿಗೆ ಸಲ್ಲದು. ಮಲ ಡಾಂಬರಿನಷ್ಟು ಕಪ್ಪಗಾಗಿ ಜಿಗುಟಾಗಿ ಹೋಗುವುದು (ಕಬ್ಬಿಣದ ಗುಳಿಗೆಯಿಂದಲೂ ಕಪ್ಪಾಗುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ), ರಕ್ತ ವಾಂತಿ, ನುಂಗುವಾಗ ತುತ್ತು ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ಮೈ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ಉರಿ. ಇವಕ್ಕೆ ಆಸ್ಪತ್ರೆಯೇ ಸೈ. ಗುಳಿಗೆ ನುಂಗಿ ಉರಿ ತಣಿದರೂ ಒಳಗಿನ ದೊಡ್ಡ ಕಾಯಿಲೆ ಮುಚ್ಚಿಹೋಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಎದೆ. ಎದೆ ನಡುವೆ ಒತ್ತಿ ಹಿಡಿದಂತಾಗಿ, ನೋವು ಎಡಗೈಗೋ ದವಡೆಗೋ ಬೆನ್ನಿಗೋ ಹರಿದು, ಮೈ ಬೆವೆತರೆ, ಅದು ಗ್ಯಾಸ್ ಅಲ್ಲ ಎಂದೇ ಮೊದಲು ಎಣಿಸಿ. ಸಕ್ಕರೆ ಕಾಯಿಲೆಯವರಿಗೆ, ಹೆಂಗಸರಿಗೆ ನೋವಿಲ್ಲದೆ ಬರೀ ಸುಸ್ತು, ಹೊಟ್ಟೆ ತೊಳಸುವುದು, ಉಸಿರಾಟಕ್ಕೆ ಕಷ್ಟ ಎಂದೂ ಬರಬಹುದು. ಸೋಡಾ ಕುಡಿಸಿ, ಬೆನ್ನು ನೀವಿ, ಒಂದು ಗುಳಿಗೆ ನುಂಗಿಸಿ, "ತೇಗು ಬಂದ್ರೆ ಸರಿಹೋಗುತ್ತೆ" ಎಂದು ಕಾಯುತ್ತ ಕೂತ ಮನೆಗಳು ಬಹಳ. ಆ ಕಾಯುವ ಹೊತ್ತಿನಲ್ಲೇ ಹೃದಯದ ಮಾಂಸ ಸಾಯುತ್ತಿರುತ್ತದೆ. ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಈಗ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಇಸಿಜಿ ತೆಗೆದು, ಹೃದಯಾಘಾತವೆಂದು ಗೊತ್ತಾದರೆ ಹೆಪ್ಪು ಕರಗಿಸುವ ಬೆಲೆಬಾಳುವ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ರಾತ್ರಿಯಾಯಿತು, ಬೆಳಗಾಗಲಿ, ಬಸ್ಸು ಬರಲಿ ಎನ್ನಬೇಡಿ. ಬೈಕಿನ ಹಿಂದೆ ಕೂರಿಸಿಕೊಂಡು ಹೊರಡಲೂ ಬೇಡಿ. ನಡೆಸದೆ ಕೂರಿಸಿ, 108ಕ್ಕೆ ಫೋನ್ ಮಾಡಿ. ಇಸಿಜಿ ನೋಡಿ ಗ್ಯಾಸೇ ಎಂದು ಹೇಳಿದರೆ ಡಾಕ್ಟರಿಗೊಂದು ನಮಸ್ಕಾರ ಹಾಕಿ ಮನೆಗೆ ಬನ್ನಿ, ಸುಮ್ಮನೆ ಹೋಗಿ ಬಂದೆವಲ್ಲ ಎಂದು ನಾಚಿಕೊಳ್ಳಬೇಡಿ.